ಚಿಕ್ಕಪ್ಪನ ಖಾನೆ, ಚಿಕ್ಕಮ್ಮನ ಖಾನೆ

ನನ್ನ ಚಿಕ್ಕಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ನಲವತ್ತು ವರ್ಷಗಳಿಂದ ಒಂದೇ ಅಂಗಡಿ, ಒಂದೇ ಸ್ಟೂಲು, ಒಂದೇ ಗಂಟುಮುಖ. ಮೊದಲೆಲ್ಲ ಅವನು ಯಂತ್ರವನ್ನು ಬಿಚ್ಚಿ ನೋಡುತ್ತಲೇ ಇರಲಿಲ್ಲ. ಗಿರಾಕಿಯ ಕೈಯಲ್ಲೇ ನಾಲ್ಕು ಹೊಲಿಗೆ ಹಾಕಿಸಿ, ತಲೆ ಓರೆ ಮಾಡಿ ಸದ್ದು ಕೇಳಿ, ಬಾಬಿನ್ ಕೇಸ್ ಸವೆದಿದೆ ಎಂದೋ ಸೂಜಿ ಹಿಡಿಯುವ ಸರಳು ಬಾಗಿದೆ ಎಂದೋ ಹೇಳಿಬಿಡುತ್ತಿದ್ದ. ಬಿಚ್ಚಿದರೆ ಅದೇ ಆಗಿರುತ್ತಿತ್ತು. ಬೀದಿಯವರು ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು, ಅವನೂ ಬೇಡ ಎನ್ನುತ್ತಿರಲಿಲ್ಲ.

ಅಂಗಡಿಯ ಮುಂಭಾಗ ಚಿಕ್ಕಮ್ಮನದು. ಬಿಗಿಯಾದ ಬಟ್ಟೆ ಸಡಿಲ ಮಾಡುವುದು, ಜಿಪ್ ಬದಲಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು ಅವಳ ಕೆಲಸ. ಇಬ್ಬರ ನಡುವೆ ಗೋಡೆಯುದ್ದಕ್ಕೂ ಮರದ ಖಾನೆಗಳಿವೆ. ಕೆಲಸ ಮುಗಿದದ್ದಕ್ಕೆ ಹೆಸರಿನ ಚೀಟಿ ಅಂಟಿಸಿ ಖಾನೆಗೆ ಸೇರಿಸುತ್ತಾರೆ. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರು ಬಂದು ಒಯ್ಯಬೇಕು. ಫೋನ್ ಮಾಡಿ ಕರೆಯುವ ಪದ್ಧತಿ ಇಬ್ಬರಿಗೂ ಇಲ್ಲ, ಬೇಕಾದವರು ಬರುತ್ತಾರೆ ಎನ್ನುವುದು ಅವರ ವ್ಯಾಪಾರನೀತಿ. ಎರಡು ವರ್ಷಗಳಿಂದ ಅಲ್ಲೊಂದು ಮದುವೆಯ ಕೋಟು ಕಾಯುತ್ತಾ ಇದೆ. ಆ ಮದುವೆ ನಡೆಯಿತೋ ಇಲ್ಲವೋ ಎಂದು ಚಿಕ್ಕಮ್ಮ ಆಗಾಗ ಚಿಂತೆಗೆ ಬೀಳುತ್ತಾಳೆ.

ಆರು ವರ್ಷಗಳ ಹಿಂದೆ ಅವರು ಬಿಡಿಭಾಗಗಳ ಚಿತ್ರ ನೋಡಲೆಂದು ಒಂದು ಕಂಪ್ಯೂಟರ್ ಕೊಂಡರು. ನಾನು ಶಾಲೆಯೊಂದರ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವವಳಾದ್ದರಿಂದ ಅದನ್ನು ಜೋಡಿಸುವ ಕೆಲಸ ನನ್ನ ತಲೆಗೇ ಬಂತು. ಓದಬೇಕೆನಿಸಿದ ಪುಟ ಕಂಡರೆ ಪರದೆಯ ಮೇಲಂಚಿನ ನಕ್ಷತ್ರದ ಗುರುತು ಒತ್ತಿ, ಅದು ಉಳಿದಿರುತ್ತದೆ, ಬಿಡುವಾದಾಗ ಓದಬಹುದು ಎಂದು ಹೇಳಿಕೊಟ್ಟೆ. ಒಬ್ಬರದು ಇನ್ನೊಬ್ಬರದರಲ್ಲಿ ಕಲೆಸದಿರಲೆಂದು ಎರಡು ಖಾನೆ ಮಾಡಿ, ಒಂದಕ್ಕೆ ಚಿಕ್ಕಪ್ಪ, ಇನ್ನೊಂದಕ್ಕೆ ಚಿಕ್ಕಮ್ಮ ಎಂದು ಹೆಸರಿಟ್ಟೆ. ಇಬ್ಬರೂ ವಿಧೇಯ ಮಕ್ಕಳಂತೆ ತಲೆಯಾಡಿಸಿದರು. ಬಸ್ಸಿನ ಹೊತ್ತಾಗಿತ್ತು, ನಾನು ಓಡಿದೆ. ಆ ಗಡಿಬಿಡಿಗೆ ನನ್ನನ್ನು ನಾನು ಇಂದಿಗೂ ಬೈದುಕೊಳ್ಳುತ್ತೇನೆ.

ಅದಾಗಿ ಎರಡು ವರ್ಷಕ್ಕೆ ಚಿಕ್ಕಪ್ಪನ ಕಿವಿ ಮಂದವಾಗತೊಡಗಿತು. ಯಂತ್ರದ ಸದ್ದಿನ ಮೇಲೆ ಬದುಕಿದವನಿಗೆ ಅದು ಎಂಥ ಪೆಟ್ಟು ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದಲೇ ಯಾರೂ ಬಾಯಿ ಬಿಡಲಿಲ್ಲ. ಒಮ್ಮೆ ಮಾತ್ರ ಚಿಕ್ಕಮ್ಮ ಕಿವಿ ತೋರಿಸಿಕೊಳ್ಳಿ ಎಂದಳಂತೆ. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡನಂತೆ. ಅಲ್ಲಿಗೆ ಆ ಮಾತು ನಿಂತಿತು. ಮೆಲ್ಲಗೆ ಉಳಿದ ಮಾತುಗಳೂ ನಿಂತವು. ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಾ ಬೇರೆ ಬೇರೆ ಊರುಗಳಲ್ಲಿ ಇರುವವರ ಹಾಗಾದರು. ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಒಂದು ದಿನ ಚಿಕ್ಕಮ್ಮ ಫೋನ್ ಮಾಡಿ, ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ, ಬಂದು ಕಂಪ್ಯೂಟರ್ ಖಾಲಿ ಮಾಡಿಕೊಡು ಎಂದಳು. ಚಿಕ್ಕಪ್ಪ ಎರಡು ಯಂತ್ರಗಳಲ್ಲಿ ಇಲ್ಲದ ದೋಷ ಕಂಡುಹಿಡಿದು, ಇದ್ದ ದೋಷ ಬಿಟ್ಟಿದ್ದನಂತೆ. ಗಿರಾಕಿಗಳು ಬೇಜಾರು ಮಾಡಿಕೊಳ್ಳದಿದ್ದರೂ ಅವನು ಮಾಡಿಕೊಂಡಿದ್ದ. ಚಿಕ್ಕಮ್ಮನ ದನಿ ಒಣಗಿಹೋಗಿತ್ತು. ಆ ಅಂಗಡಿಯೂ ಇಲ್ಲವಾದರೆ ಆ ಇಬ್ಬರು ಮನೆಯಲ್ಲಿ ಎದುರುಬದುರು ಕೂತು ಏನು ಮಾಡುತ್ತಾರೆ ಎಂಬ ಯೋಚನೆಯಲ್ಲೇ ನಾನು ದಾರಿ ಸವೆಸಿದೆ.

ಮಧ್ಯಾಹ್ನ ಹೋದೆ. ಚಿಕ್ಕಪ್ಪ ಅಂಗಡಿಯ ಹಿಂಭಾಗದಲ್ಲಿ ತನ್ನ ಸ್ಕ್ರೂಡ್ರೈವರ್‌ಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಕಂಪ್ಯೂಟರ್ ತೆರೆದರೆ ನಕ್ಷತ್ರ ಒತ್ತಿ ಉಳಿಸಿದ ಪುಟಗಳು ಚಿಕ್ಕಪ್ಪನ ಹೆಸರಲ್ಲಿ ಮೂವತ್ತೊಂದು, ಚಿಕ್ಕಮ್ಮನ ಹೆಸರಲ್ಲಿ ನಲವತ್ತಾರು. ಅಳಿಸುವ ಮುನ್ನ ಒಂದು ಮಾತು ಕೇಳೋಣವೆಂದು, "ಚಿಕ್ಕಮ್ಮ, ನಿನ್ನ ಖಾನೆಯಲ್ಲಿ ಇಷ್ಟೊಂದು ಇಟ್ಟಿದ್ದೀಯಲ್ಲ, ಬೇಕಾ?" ಎಂದೆ.

"ನನ್ನ ಖಾನೇಲಿ ನಾನೇನೂ ಇಟ್ಟಿಲ್ವಲ್ಲ. ನಾನಿಟ್ಟಿದ್ದೆಲ್ಲ ನಿಮ್ಮ ಚಿಕ್ಕಪ್ಪನ ಖಾನೇಲಿ."

"ಅವನ ಖಾನೇಲಿ ಯಾಕಿಟ್ಟೆ?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಅವರಿಗೆ ಅಂತ ಇಟ್ಟಿದ್ದನ್ನ ಅವರ ಹೆಸರಿಗಲ್ದೆ ಇನ್ಯಾರ ಹೆಸರಿಗೆ ಇಡ್ಲಿ?" ಎಂದವಳು ದನಿ ತಗ್ಗಿಸಿದಳು. "ಮೂರು ವರ್ಷ ಆಯ್ತು. ಎಲ್ಲಾ ಓದಿ ಓದದೆ ಇರೋರ ಥರ ಕೂತಿದ್ದಾರೆ. ಬಾಯಲ್ಲಿ ಹೇಳಿದ್ರೆ ಊಟ ಬಿಟ್ಟು ಏಳ್ತಾರೆ ಅಂತ ಅಲ್ಲಿಟ್ಟೆ. ಅದಕ್ಕೂ ಜಗ್ಗಲಿಲ್ಲ."

ನಾನು ಚಿಕ್ಕಪ್ಪನ ಖಾನೆ ತೆರೆದೆ. ಕಿವಿ ಪರೀಕ್ಷೆ ಹೇಗಿರುತ್ತದೆ, ಕಿವಿಯೊಳಗೆ ಕಾಣದ ಹಾಗೆ ಇಡುವ ಯಂತ್ರ, ಕಿವಿ ಮಂದವಾದವರು ಎದುರಿನವರನ್ನು ಬೆಳಕಿಗೆ ಮುಖ ಮಾಡಿ ನಿಲ್ಲಿಸಿಕೊಂಡು ಮಾತಾಡಬೇಕು ಎಂಬ ಸಲಹೆ, ಪೂರ್ತಿ ಕಿವುಡನಾದ ಮೇಲೂ ಬೆರಳ ತುದಿಯಲ್ಲೇ ಯಂತ್ರದ ನಡುಕ ಅಳೆದು ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್‌ನ ಕಥೆ. ಹಲವು ಪುಟಗಳು ಈಗ ತೆರೆದುಕೊಳ್ಳಲೂ ಇಲ್ಲ, ಅಷ್ಟು ಹಳೆಯವಾಗಿದ್ದವು. ಒಂದನ್ನೂ ಚಿಕ್ಕಪ್ಪ ಓದಿರಲಾರ ಎಂದು ನನಗನಿಸಿತು. ತಾನು ಅಲ್ಲಿ ಏನೂ ಇಟ್ಟಿಲ್ಲದ ಮೇಲೆ ಚಿಕ್ಕಪ್ಪ ತನ್ನ ಖಾನೆ ಯಾಕೆ ತೆರೆಯುತ್ತಾನೆ? ತನ್ನ ಹೆಸರಿನ ಚೀಟಿಯನ್ನು ತಾನೇ ಯಾರು ಅಂಟಿಸಿಕೊಳ್ಳುತ್ತಾರೆ?

ಹಾಗಾದರೆ ಚಿಕ್ಕಮ್ಮನ ಖಾನೆ ತುಂಬಿಸಿದ್ದು ಯಾರೆಂದು ನನಗೆ ಆಗಲೇ ಹೊಳೆದಿತ್ತು. ತೆರೆದೆ. ಬಿಸಿಲು ಬೀಳದ ಕಿಟಕಿಯಲ್ಲಿ ಬೆಳೆಯುವ ಹೂಗಿಡಗಳು. ಹೊಲಿಯುವವರ ಕುತ್ತಿಗೆ ನೋವಿಗೆ ಆರು ವ್ಯಾಯಾಮ. ಅವಳು ಎಂದೋ ಆಸೆಪಟ್ಟಿದ್ದ ಸಮುದ್ರದಂಡೆಗೆ ಹೋಗುವ ರೈಲಿನ ಸಮಯ. ಅವುಗಳ ಕೆಳಗೆ, ಒಂದರ ಹಿಂದೊಂದು, ಕೈಸನ್ನೆಯ ಭಾಷೆ ಪಾಠ ಒಂದು, ಪಾಠ ಎರಡು, ಹೀಗೆ ಪಾಠ ಹದಿನಾಲ್ಕರವರೆಗೆ. ಮೊದಲನೆಯದನ್ನು ಇಟ್ಟು ಮೂರು ವರ್ಷವಾಗಿತ್ತು.

ಚಿಕ್ಕಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ನಾನು ಹೋಗಿ ಚಿಕ್ಕಪ್ಪನ ತೋಳು ಹಿಡಿದು ಕರೆತಂದೆ. ಪರದೆ ನೋಡಿ ಅವನ ಮುಖ ಕೆಂಪಾಯಿತು.

"ಅದು ಅವಳ ಹೆಸರಿಂದು. ನೀನ್ಯಾಕೆ ತೆಗ್ದೆ?" ಎಂದ. ಆಮೇಲೆ ನೆಲ ನೋಡುತ್ತಾ ಹೇಳಿದ. "ಇನ್ನು ಸ್ವಲ್ಪ ದಿನಕ್ಕೆ ಅವಳ ಮಾತು ಪೂರ್ತಿ ಕೇಳ್ಸಲ್ಲ ಅಂತ ಗೊತ್ತಾಯ್ತು. ಇಬ್ರೂ ಕಲಿಯೋಣ ಅಂತ ಇಟ್ಟೆ. ಅವಳು ಓದಿ ಸುಮ್ನಾದ್ಲು. ಈ ವಯಸ್ಸಲ್ಲಿ ಕೈಕೈ ಆಡಿಸ್ಕೊಂಡು ಕೂರೋಕೆ ಅವಳಿಗೆ ಇಷ್ಟ ಇಲ್ಲ ಅಂದ್ಕೊಂಡೆ. ಬಲವಂತ ಯಾಕೆ."

"ನಾನು ತೆಗೆದೇ ನೋಡ್ಲಿಲ್ಲ ರೀ," ಎಂದಳು ಚಿಕ್ಕಮ್ಮ.

ಅವನಿಗೆ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಅಂಗಡಿಯ ಹೊರಗೂ ಕೇಳುವಂತೆ ಕೂಗಿ ಹೇಳಿದಳು. ಜಿಪ್ ಬದಲಿಸಿಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಬಾಗಿಲಿಂದಲೇ ಹಿಂದೆ ಸರಿದು, ನಾಳೆ ಬರುತ್ತೇನೆ ಎಂದು ನನಗೆ ಸನ್ನೆ ಮಾಡಿ ಹೊರಟುಹೋದಳು.

ಅವತ್ತು ನಾನು ಒಂದು ಪುಟವನ್ನೂ ಅಳಿಸಲಿಲ್ಲ. ಮೂವರೂ ಸ್ಟೂಲು ಎಳೆದುಕೊಂಡು ಕೂತೆವು. ಅವಳು ಅವನಿಗೆಂದು ಇಟ್ಟಿದ್ದನ್ನು ನಾನು ತೆರೆದುಕೊಟ್ಟೆ, ಅವನು ಓದಿದ, ತುಟಿ ಅಲ್ಲಾಡಿಸುತ್ತಾ, ಪರೀಕ್ಷೆಗೆ ಓದುವವನ ಹಾಗೆ. ಬೆರಳ ತುದಿಯ ಮೆಕ್ಯಾನಿಕ್‌ನ ಕಥೆಯನ್ನು ಎರಡು ಸಲ ಓದಿ, ಎದ್ದು ಹೋಗಿ ಚಿಕ್ಕಮ್ಮನ ಯಂತ್ರದ ತಲೆಯ ಮೇಲೆ ಅಂಗೈ ಊರಿ, ತುಳಿ ಎಂದ. ಅವಳು ತುಳಿದಳು. ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದವನು, "ಬೆಲ್ಟ್ ಸಡಿಲ ಆಗಿದೆ. ನೀನ್ಯಾಕೆ ಹೇಳ್ಲಿಲ್ಲ?" ಎಂದ. ಬೆಲ್ಟ್ ಸಡಿಲವಾಗಿ ತಿಂಗಳೇ ಆಗಿತ್ತು. ಅವನು ನೊಂದುಕೊಳ್ಳುತ್ತಾನೆಂದು ಅವಳು ಹಾಗೇ ಹೊಲಿಯುತ್ತಿದ್ದಳು.

ಅಂಗಡಿ ಮುಚ್ಚಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಕಿವಿ ಡಾಕ್ಟರ ಬಳಿ ಹೋದರು. ಈಗ ಅವನ ಕಿವಿಯಲ್ಲೊಂದು ಯಂತ್ರವಿದೆ. ಅದರಲ್ಲಿ ಎಲ್ಲ ಸದ್ದೂ ತಗಡು ಬಡಿದಂತೆ ಕೇಳುತ್ತದೆ ಎಂದು ಗೊಣಗುತ್ತಾನೆ, ಕೆಲಸಕ್ಕೆ ಅಂಗೈಯನ್ನೇ ನಂಬುತ್ತಾನೆ. ಕೆಲವು ಯಂತ್ರಗಳನ್ನು ಬೇರೆಯವರಿಗೆ ಕಳಿಸುತ್ತಾನೆ. ಆದರೆ ನಾನು ಹೇಳಬೇಕಾದದ್ದು ಆ ದಿನದ ಸಂಜೆಯದು.

ಚಿಕ್ಕಮ್ಮ ಪಾಠಗಳನ್ನು ನೋಡುತ್ತಿದ್ದಳು. ವೀಡಿಯೊದಲ್ಲಿ ಒಬ್ಬ ಹುಡುಗಿ ನಿಧಾನವಾಗಿ ಕೈ ಆಡಿಸಿ, ಕೆಳಗೆ ಅದರ ಅರ್ಥ ಬರುತ್ತಿತ್ತು. ನೀರು, ಊಟ, ಮನೆ. ಐದನೇ ಪಾಠದಲ್ಲಿ ಆ ಹುಡುಗಿ ಎರಡೂ ಕೈಗಳನ್ನು ಎದೆಗೆ ತಾಗಿಸಿ, ಕೆಳಕ್ಕೆ ಇಳಿಬಿಟ್ಟು, ಹುಬ್ಬೇರಿಸಿದಳು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು.

"ಇದನ್ನ ಇವರು ದಿನಾ ಮಾಡ್ತಾರೆ ಕಣೇ. ಅಂಗಡಿ ಮುಚ್ಚೋವಾಗ. ಜೇಬು ತಡವಿ ಬೀಗದ ಕೈ ಕೇಳ್ತಿದ್ದಾರೆ ಅಂದ್ಕೊಂಡು ನಾನು ಬೀಗದ ಕೈ ಎತ್ತಿ ತೋರಿಸ್ತಿದ್ದೆ."

ಪರದೆಯ ಕೆಳಗೆ ಅರ್ಥ ಬಂದಿತ್ತು. ನಿನಗೆ ಸುಸ್ತಾಯಿತಾ?

ಮೂರು ವರ್ಷ, ದಿನವೂ ಒಂದು ಸಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಉತ್ತರ ಹೇಳುವುದು ಹೇಗೆಂದು ಹುಡುಕಿಕೊಡು ಎಂದಳು. ಅದು ಏಳನೇ ಪಾಠದಲ್ಲಿ ಸಿಕ್ಕಿತು. ನನ್ನ ಎದುರೇ ನಾಲ್ಕು ಸಲ ಅಭ್ಯಾಸ ಮಾಡಿದಳು.

ಆರು ಗಂಟೆಗೆ ದೀಪ ಆರಿಸಿ ಹೊರಗೆ ಬಂದೆವು. ಚಿಕ್ಕಪ್ಪ ನನ್ನನ್ನು ಒಮ್ಮೆ ನೋಡಿ, ನಾಚಿಕೊಂಡು, ಆದರೂ ರೂಢಿ ಬಿಡದೆ ಎರಡೂ ಕೈ ಎದೆಗೆ ತಾಗಿಸಿ ಇಳಿಬಿಟ್ಟ. ಬೀಗದ ಕೈ ಚಿಕ್ಕಮ್ಮನ ಮುಷ್ಟಿಯಲ್ಲೇ ಇತ್ತು, ಅವಳು ಅದನ್ನು ಎತ್ತಲಿಲ್ಲ. ಇನ್ನೊಂದು ಕೈಯಿಂದ ಉತ್ತರ ಹೇಳಿದಳು. ಅರ್ಧ ತಪ್ಪಾಯಿತು, ಮತ್ತೆ ಹೇಳಿದಳು. ಹೌದು, ತುಂಬಾ.

ಅವನು ಅವಳ ಮುಷ್ಟಿ ಬಿಡಿಸಿ ಬೀಗದ ಕೈ ತೆಗೆದುಕೊಂಡ, ಹೆಗಲಿನ ಚೀಲವನ್ನೂ ತೆಗೆದುಕೊಂಡ, ಶಟರ್ ತಾನೇ ಎಳೆದ.