ವಸ್ತಾದರು ಕೊಡದ ಅಪ್ಪಣೆ

ವಸ್ತಾದರು ನಿನಗೆ ಅಪ್ಪಣೆ ಕೊಟ್ಟಿರಲಿಲ್ಲ, ಭೀಮಣ್ಣ. ಕೊಡುವ ಮಾತು ಹಾಗಿರಲಿ, ನಾನು ಅವರನ್ನು ಕೇಳಿಯೇ ಇರಲಿಲ್ಲ. ನಮ್ಮೂರಾದ ಇಂಡಿಯ ಕುಸ್ತಿ ಕಣದಲ್ಲಿ ನೀನು ಜನರ ಕಣ್ಣಿಗೆ ಕೆಟ್ಟವನಾದದ್ದು ನನ್ನ ಸುಳ್ಳಿನಿಂದ. ಇಷ್ಟು ವರ್ಷ ನೀನು ಅವರನ್ನು ಶಪಿಸಿದೆ — ನಾನು ಎದುರಿಗೆ ಕೂತು ಕೇಳಿದೆ.

ಸೊಲ್ಲಾಪುರದ ಗುತ್ತಿಗೆದಾರ ಟಿಕೀಟಿನ ಕುಸ್ತಿ ತಂದ ವರ್ಷ ಅದು. ಒಬ್ಬ ಒಳ್ಳೆಯವ, ಒಬ್ಬ ಖಳ, ಗೆಲ್ಲುವವನು ಯಾರೆಂದು ಮೊದಲೇ ಗೊತ್ತು. ನಮ್ಮ ನಾಲ್ಕು ತಾಲೂಕುಗಳಲ್ಲಿ ನಿನ್ನಷ್ಟು ಪ್ರೀತಿ ಗಳಿಸಿದ ಪೈಲ್ವಾನ ಇನ್ನೊಬ್ಬನಿರಲಿಲ್ಲ. ಅಂಥವನನ್ನೇ ಖಳನನ್ನಾಗಿ ಇಳಿಸಿದರೆ ಮಂದಿ ಮುಗಿಬೀಳುತ್ತಾರೆ ಎಂಬುದು ಅವನ ಹಂಚಿಕೆ. ಮೈಕಿನಲ್ಲಿ ಕೂಗುವ ಕೆಲಸ ನನ್ನದು. ನಿನ್ನ ಜೊತೆಯೇ ಗರಡಿಗೆ ಬಂದವನಾದರೂ ಕುಲಕರ್ಣಿಯವರ ಮನೆಯ ಈ ಸಣಕಲು ವೆಂಕುವಿಗೆ ದಕ್ಕಿದ್ದು ಗಂಟಲು ಮಾತ್ರ. ಆಟ ಜನರಿಗೆ ಹಿಡಿಸಿದರೆ ಮುಂಬೈಗೆ ಕರೆದೊಯ್ಯುತ್ತೇನೆ ಎಂದು ಗುತ್ತಿಗೆದಾರ ನನಗೆ ಹೇಳಿದ. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು.

ಸಣ್ಣವನಿದ್ದಾಗಿನಿಂದ ಗರಡಿಯಲ್ಲಿ ನಿನ್ನನ್ನು ತಿದ್ದಿ ತೀಡಿದ ಇಮಾಮಸಾಬ ವಸ್ತಾದರು ಹೊರಡುವಾಗ ಒಂದೇ ಮಾತು ಹೇಳಿದ್ದರು: "ಆಟ ಅಂದಮ್ಯಾಲ ಬೈಸ್ಕೋ, ಬೀಳು, ಏನರ ಮಾಡು. ಕಣದ ಮಣ್ಣ ಹಣಿಗಿ ಹಚ್ಕೊಂಡು ಎದುರಿನವನ ಕೈಗಿ ಹಚ್ಚೂದು ಮಾತ್ರ ಬಿಡಬ್ಯಾಡ."

ನೀನು ಬಿಡಲಿಲ್ಲ. ಆಟ ಕೆಟ್ಟದ್ದೇ ಅದರಿಂದ. ಸಿಂದಗಿಯಲ್ಲಿ ಎದುರಾಳಿಯ ಕಿವಿ ಕಚ್ಚಿದೆ. ಜನ ಬಿದ್ದು ಬಿದ್ದು ನಕ್ಕರು. ಮುದ್ದೇಬಿಹಾಳದಲ್ಲಿ ಹಿಂದಿನಿಂದ ಒದ್ದೆ. "ಭೀಮಣ್ಣ ಸುಮ್ ಸುಮ್ನ ಒದಿಯಾಂವಲ್ಲ, ನೀನs ಏನೋ ಅಂದಿರಬೇಕು" ಎಂದು ಒಬ್ಬ ಮುದುಕಿ ಒದೆ ತಿಂದವನನ್ನೇ ಬೈದಳು! ಬಸವನ ಬಾಗೇವಾಡಿಯಲ್ಲಿ ನಾನು ಕುಸ್ತಿ ಬಿಟ್ಟು ಜನರ ಮುಖ ನೋಡುತ್ತ ನಿಂತೆ. ನೀನು ಬಗ್ಗಿ ಮಣ್ಣು ಮುಟ್ಟಿದಾಗಲೇ, ಇವನು ನಮ್ಮ ಭೀಮಣ್ಣನೇ ಎಂದು ಅವರಿಗೆಲ್ಲ ಸಮಾಧಾನವಾಗುತ್ತಿತ್ತು. ಆಮೇಲೆ ನೀನು ಏನು ಮಾಡಿದರೂ ತಮಾಷೆ.

ಗುತ್ತಿಗೆದಾರ ಸಿಡಿಮಿಡಿಗೊಂಡ. ಇಂಡಿಯ ಕೊನೆಯ ಆಟವೂ ಹೀಗೇ ಆದರೆ ಮುಂಬೈ ಮರೆತುಬಿಡು ಎಂದ. ಭಿತ್ತಿಪತ್ರ ಅಂಟಿಸಲು ನಾನು ಮುಂಚೆಯೇ ಇಂಡಿಗೆ ಹೋದೆ. ನಮ್ಮ ಗರಡಿಯ ಮುಂದೆಯೇ ಹಾದುಹೋದೆ — ಒಳಗೆ ವಸ್ತಾದರ ದನಿ ಕೇಳಿಸುತ್ತಿತ್ತು — ಒಳಗೆ ಹೋಗಲಿಲ್ಲ. ಹೋದರೆ ಏನನ್ನುತ್ತಾರೆಂದು ಗೊತ್ತಿತ್ತಲ್ಲ.

ನೀನು ಬಂದಾಗ ನಾನು ಹೇಳಿದೆ: "ಈ ಒಂದ್ ಸಲ ಮಣ್ಣ ಮುಟ್ಟಬ್ಯಾಡ. ವಸ್ತಾದರಿಗಿ ಕೇಳೇನಿ. ಹೂಂ ಅಂದಾರ."

"ಅವ್ರ ಬಾಯಿಲೇ ಅಂದ್ರೇನು?"

"ಅವ್ರ ಬಾಯಿಲೇ."

ನೀನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು, ಭೀಮಣ್ಣ... ಇಲ್ಲ, ಇದೂ ನಿನ್ನ ಮೇಲೆ ಹೊರಿಸುವ ಮಾತಾಯಿತು.

ಅಂದು ಎದುರಾಳಿ ಮಣ್ಣು ಹಿಡಿದು ಚಾಚಿದ ಕೈಯನ್ನು ನೀನು ಹೊಡೆದು ಕೆಳಗೆ ಹಾಕಿದೆ. ಆಮೇಲೆ ಮೊದಲ ಚಪ್ಪಲಿ ಬಂತು. ನಿನ್ನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ನಿನ್ನ ಮೇಲೆ ಉಗುಳಿದರು. ಮುಂದಿನ ಸಾಲಿನಲ್ಲಿದ್ದ ವಸ್ತಾದರು ಎದ್ದು, ಟವೆಲ್ಲು ಕೊಡವಿ, ಹಿಂದಿರುಗಿ ನೋಡದೆ ನಡೆದರು. ನೀನು ಗಾಬರಿಯಿಂದ ನನ್ನ ಕಡೆ ನೋಡಿದೆ. ನಾನು ಮೈಕಿನಲ್ಲಿ ಏನು ಕೂಗಿದೆ ಎಂಬುದು ನಿನಗೆ ನೆನಪಿರಬೇಕು: "ನೋಡ್ರಪ್ಪೋ, ಸ್ವಂತ ವಸ್ತಾದರs ಎದ್ದು ಹೊಂಟ್ರು!"

ಜನ ಪ್ರೀತಿಸುವ ಪೈಲ್ವಾನ ಖಳನಾಗಿ ಅವರ ಸಿಟ್ಟು ಗಿಟ್ಟಿಸುತ್ತಾನೆಯೇ ಎಂದು ಗುತ್ತಿಗೆದಾರನಿಗೆ ಅನುಮಾನವಿತ್ತು. ಅಂದು ತೀರಿತು. ಗಿಟ್ಟಿಸುತ್ತಾನೆ — ಜನರಿಗೆ ಅದು ಆಟವೆನಿಸಬಾರದು, ಅಷ್ಟೇ.

ಮರುದಿನ ಗರಡಿಯ ಬಾಗಿಲು ನಿನಗೆ ಮುಚ್ಚಿತು. ನೀನು ನನ್ನ ಹತ್ತಿರ ಬಂದು ಮಗುವಿನಂತೆ ಅತ್ತೆ. "ಒಳಗ ಹೂಂ ಅಂದು ಮಂದಿ ಮುಂದ ನನ್ನ ಕೈ ಬಿಟ್ರಲ್ಲೋ ವೆಂಕೂ!" ಎಂದೆ. ಆಗಲಾದರೂ ಹೇಳಬಹುದಿತ್ತು. "ಮಂದಿಗಿ ಅಂಜಿರಬೇಕು" ಎಂದೆ ನಾನು. ಜೀವದಲ್ಲಿ ಯಾರಿಗೂ ಅಂಜದ ಮನುಷ್ಯನ ಬಗ್ಗೆ ಆ ಮಾತು ಆಡಿದೆ, ನೀನು ನಂಬಿದೆ. ನೀನು ಅವರ ಮೋರೆ ನೋಡುವುದಿಲ್ಲವೆಂದು ಹಟ ಹಿಡಿದು ಆಲಮಟ್ಟಿಯ ಅಣೆಕಟ್ಟಿನಲ್ಲಿ ಕಲ್ಲು ಹೊರಲು ಹೋದೆ. ಗುತ್ತಿಗೆದಾರ ಮುಂಬೈಗೆ ಹೋದ, ನನ್ನನ್ನು ಬಿಟ್ಟು. ಅವನು ನನಗೆ ಮಾಡಿದ್ದನ್ನು ದ್ರೋಹ ಎನ್ನಲು ನನಗೆ ನಾಲಿಗೆಯಿಲ್ಲ.

ಇನ್ನೂ ಒಂದು ಉಳಿದಿದೆ. ಇದನ್ನು ಬರೆಯಲು ಕೈ ಏಳುತ್ತಿಲ್ಲ.

ವಸ್ತಾದರು ತೀರಿಕೊಂಡ ಮೇಲೆ ಸುದ್ದಿ ತಂದವನು ನಾನೇ. ನೀನು ಕಲ್ಲಿನ ಮೇಲೆ ಕೂತು, ನನ್ನನ್ನು ನೋಡದೆ ಕೇಳಿದೆ: "ಹೋಗೂ ಮುಂದ ನನ್ನ ಹೆಸರ ತಗದಿದ್ರೇನು?"

"ಇಲ್ಲ" ಎಂದೆ.

ತೆಗೆದಿದ್ದರು, ಭೀಮಣ್ಣ. ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿಕೊಂಡು, "ಭೀಮ್ಯಾನ ಕರ್ಕೊಂಡ್ ಬಾ. ನನ್ನ ಸಿಟ್ಟ ಇಳದೈತಿ ಅಂತ ಹೇಳು" ಎಂದಿದ್ದರು. ನೀವಿಬ್ಬರೂ ಕೂತು ಮಾತಾಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅದಕ್ಕೇ ನಾನು ನಿನ್ನನ್ನು ಕರೆಯಲು ಬರಲಿಲ್ಲ. ಬಾಗಿಲಲ್ಲಿ ಸಪ್ಪಳವಾದಾಗಲೆಲ್ಲ ಅವರು ತಲೆಯೆತ್ತಿ ನೋಡುತ್ತಿದ್ದರಂತೆ — ನೀನು ಬಂದೆಯೆಂದು.