ಮಂಗಳವಾರ, ಶುಕ್ರವಾರದ ನಾಲ್ಕು ಗುಳಿ

ಜಲಜಕ್ಕನ ಕೈ ನಡುಗುತ್ತದೆ ಎಂದು ಮೊದಲು ತೋರಿಸಿಕೊಟ್ಟವಳು ನಾನೇ. ಬಾಯಲ್ಲಿ ಹೇಳಿರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ, ಬಣ್ಣದಲ್ಲಿ.

ನಾವಿಬ್ಬರೂ ಕೆಲಸ ಮಾಡುವುದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲ್ಯಾಬಿನಲ್ಲಿ. ಕೆಳಗೆ ಊದಿನಕಡ್ಡಿ ಪ್ಯಾಕಿಂಗ್, ಮೇಲೆ ನಾವು. ಕಂಪನಿಗಳು ಕಳಿಸುವ ಹೊಸ ಔಷಧಿಯನ್ನು ಜೀವಕೋಶಗಳ ಮೇಲೆ ಹಾಕಿ, ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಎಣಿಸಿ ಕೊಡುತ್ತೇವೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು; ಅದರಲ್ಲಿ ಅಳಗುಳಿಮಣೆಯ ಹಾಗೆ ಗುಳಿಗಳು, ಎಂಟು ಸಾಲು, ಸಾಲಿಗೆ ಹನ್ನೆರಡು. ಒಂದೊಂದು ಗುಳಿಗೂ ಹನಿ ಹಾಕುವವರು ಜಲಜಕ್ಕ. ತುಂಬಿದ ಪ್ಲೇಟನ್ನು ಯಂತ್ರಕ್ಕಿಟ್ಟು ಸಾಫ್ಟ್‌ವೇರ್‌ನಲ್ಲಿ ನೋಡುವವಳು ನಾನು. ಸತ್ತ ಕೋಶ ಹಸಿರಾಗಿ ಹೊಳೆಯುವಂಥ ಬಣ್ಣ ಬೆರೆಸಿರುತ್ತೇವೆ. ಹೊಳಪು ಕಡಿಮೆಯಿದ್ದರೆ ಪರದೆಯ ಮೇಲಿನ ಗುಳಿ ನೀಲಿ, ಹೆಚ್ಚಿದ್ದರೆ ಕೆಂಪು.

ಜಲಜಕ್ಕ ಇಪ್ಪತ್ತಾರು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಬಂದವರಂತೆ. ಆಗಿನ ಯಜಮಾನರು ಅಲುಗದ ಕೈ ನೋಡಿ, ಹನಿ ಅಳೆದು ಹಾಕುವ ಪಿಪೆಟ್ ಹಿಡಿಸಿದರು. ಇವತ್ತಿಗೂ ಒಂದೊಂದೇ ಗುಳಿ ತುಂಬುತ್ತಾರೆ. ಒಮ್ಮೆಗೇ ಎಂಟು ಹನಿ ಹಾಕುವ ಪಿಪೆಟ್ ತಂದುಕೊಟ್ಟರೆ ಮುಟ್ಟಲಿಲ್ಲ. ಎಂಟು ಜನಕ್ಕೆ ಒಂದೇ ಸಲ ಬಡಿಸಿದರೆ ಯಾರೆಲೆಗೆ ಉಪ್ಪು ಬಿತ್ತು, ಯಾರದಕ್ಕೆ ಬೀಳಲಿಲ್ಲ ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಎಂಟೂವರೆಗೆ ಬರುತ್ತಾರೆ, ಕೈಗವಸು ಹಾಕಿ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಮಂಗಳವಾರ, ಶುಕ್ರವಾರ ಊಟದ ಡಬ್ಬಿ ತರುವುದಿಲ್ಲ. ಮಗಳು ಚೇತನಾ ಆರು ವರ್ಷದವಳಿದ್ದಾಗ ಮಿದುಳು ಜ್ವರ ಬಂದು ಹದಿನೈದು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಅಣ್ಣಮ್ಮನಿಗೆ ಹೊತ್ತ ಹರಕೆ: ಬದುಕಿರುವಷ್ಟು ದಿನ ವಾರಕ್ಕೆರಡು ಒಪ್ಪತ್ತು. ಚೇತನಾ ಈಗ ಮದುವೆಯಾಗಿ ರಾಜರಾಜೇಶ್ವರಿನಗರದಲ್ಲಿದ್ದಾಳೆ. ಹರಕೆಗೆ ಹತ್ತೊಂಬತ್ತು ವರ್ಷ.

ನಾನು ಹೆರಿಗೆ ರಜೆ ಮುಗಿಸಿ ಜೂನ್‌ನಲ್ಲಿ ಮರಳಿದೆ. ಜುಲೈನಲ್ಲಿ ಕೆಲವು ಪ್ಲೇಟುಗಳ ಕೊನೆಯ ಸಾಲಿನಲ್ಲಿ, ನಡುವಿನ ನಾಲ್ಕು ಗುಳಿ ಕೆಂಪಾಗಿರುವುದು ಕಣ್ಣಿಗೆ ಬಿತ್ತು. ಅಲ್ಲಿ ಔಷಧಿಯೇ ಇರುವುದಿಲ್ಲ, ಕೋಶ ಸಾಯಬಾರದು. ಎರಡು ತಿಂಗಳ ಪ್ಲೇಟುಗಳನ್ನೆಲ್ಲ ದಿನದ ಪ್ರಕಾರ ಒಂದೇ ಪರದೆಯ ಮೇಲೆ ಸಾಲಾಗಿ ಜೋಡಿಸಿದೆ. ಕೆಂಪು ಇದ್ದದ್ದು ಮಂಗಳವಾರ, ಶುಕ್ರವಾರ ಮಾತ್ರ. ಮ್ಯಾನೇಜರ್ ಮಧ್ವೇಶ್ ಅವರಿಗೆ ಅದನ್ನು ಹೆಮ್ಮೆಯಿಂದಲೇ ತೋರಿಸಿದೆ.

ಅವರು ಒಂದು ನಿಮಿಷ ನೋಡಿದರು. "ಕೊನೇ ಸಾಲು ಅವರು ಕೊನೇಲಿ ತುಂಬೋದು. ಹೊಟ್ಟೇಲಿ ಏನಿಲ್ಲದಿದ್ರೆ ಕೈ ಎಷ್ಟೊತ್ತು ನಿಲ್ಲತ್ತೆ ಹೇಳಿ. ಪಿಪೆಟ್ ತುದಿ ತಳಕ್ಕೆ ತಗುಲಿದ್ರೆ ಕೋಶ ಸಾಯತ್ತೆ."

ನನಗೂ ಸರಿಯೆನಿಸಿತು. ಮುಂದಿನ ಒಂದನೇ ತಾರೀಕಿನಿಂದ ಜಲಜಕ್ಕ ಸ್ಟೋರ್‌ರೂಮಿಗೆ ಎಂದು ತೀರ್ಮಾನವಾಯಿತು. ಸಂಬಳ ಅದೇ, ಪಿಪೆಟ್ ಮಾತ್ರ ಇಲ್ಲ. ಅವರಿಗೆ ಹೇಳಿದಾಗ ನಾನಿದ್ದೆ. ಅವರು ಕೈಗವಸು ಬಿಚ್ಚಿ ಬಲಗೈಯನ್ನು ಮೇಜಿನ ಮೇಲೆ ಅಗಲಿಸಿಟ್ಟು ಸ್ವಲ್ಪ ಹೊತ್ತು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ.

ಅದೇ ವಾರದ ಶುಕ್ರವಾರ ಹತ್ತು ಗಂಟೆಗೆ ಅವರು ಜಾಗದಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಮೆಟ್ಟಿಲ ಮೇಲೆ ಕೂತು ಪೊಟ್ಟಣದಿಂದ ಇಡ್ಲಿ ತಿನ್ನುತ್ತಿದ್ದರು. ಎರಡನ್ನೂ ಮುಗಿಸಿ, ನೀರು ಕುಡಿದು, ಕೈ ತೊಳೆದು ಬಂದು ಪ್ಲೇಟ್ ತುಂಬಿದರು. ನನ್ನ ಮುಂದಿಟ್ಟು ಹೇಳಿದರು:

"ತಿಂದಿದೀನಿ. ಹಾಕಿ ನೋಡು."

ಹಾಕಿದೆ. ನಾಲ್ಕೂ ಗುಳಿ ಕೆಂಪು.

ಜಲಜಕ್ಕ ಪರದೆ ನೋಡುವವರಲ್ಲ. ಅದು ನಿಮ್ಮ ಟೀವಿ ಎನ್ನುತ್ತಿದ್ದರು. ಆ ದಿನ ಕುರ್ಚಿ ಎಳೆದುಕೊಂಡು ಕೂತರು. ಬಣ್ಣ ಬೇಡ, ಒಳಗಿನ ಫೋಟೋ ತೆಗಿ ಅಂದರು. ಗುಳಿಯ ಮೇಲೆ ಒತ್ತಿದರೆ ಯಂತ್ರ ತೆಗೆದ ಚಿತ್ರ ತೆರೆದುಕೊಳ್ಳುತ್ತದೆ. ಪಕ್ಕದ ಗುಳಿಯಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ, ಅಂಚು ಸ್ಪಷ್ಟ. ಕೆಂಪು ಗುಳಿಯಲ್ಲಿ ಚುಕ್ಕಿಗಳ ಮೇಲೆಲ್ಲ ಹಸಿರು ಮಂಜು. ಎರಡು ತಿಂಗಳು ಬಣ್ಣ ನೋಡಿದ ನಾನು ಒಂದು ಫೋಟೋವನ್ನೂ ತೆರೆದಿರಲಿಲ್ಲ.

"ಇದು ಒಳಗಿಲ್ಲ ಕಣೇ," ಎಂದರು ಜಲಜಕ್ಕ. "ಯಾರೋ ತಳ ಮುಟ್ಟಿದಾರೆ."

ಆಮೇಲೆ ಅವರು ನೋಡಿದ್ದು ಪರದೆಯನ್ನಲ್ಲ, ಮೌಸ್ ಮೇಲಿದ್ದ ನನ್ನ ಬೆರಳನ್ನು.

"ಪಾಪುಗೆ ಇವತ್ತು ಎಣ್ಣೆಸ್ನಾನನಾ?"

ಉಗುರಿನ ಸುತ್ತ ಹಳದಿ ಇತ್ತು. ಹೆಣ್ಣುಮಗುವಿಗೆ ಎಣ್ಣೆಸ್ನಾನ ಮಂಗಳವಾರ, ಶುಕ್ರವಾರವೇ ಆಗಬೇಕು ಎಂದು ನಮ್ಮತ್ತೆ ಕಟ್ಟುನಿಟ್ಟು. ಕಡಲೆಹಿಟ್ಟಿಗೆ ಅರಿಶಿನ ಕಲಸಿ ಮಗಳ ಮೈಗೆ ಉಜ್ಜಿ, ಸೋಪಿನಲ್ಲಿ ಕೈ ತೊಳೆದು ಮೆಟ್ರೋ ಹಿಡಿಯುತ್ತೇನೆ. ಟೈಪ್ ಮಾಡಲು ತೊಡಕೆಂದು ಕೈಗವಸು ಹಾಕುವುದಿಲ್ಲ. ಹೆಬ್ಬೆರಳು ಮೇಲೆ, ಎರಡು ಬೆರಳು ಕೊನೆಯ ಸಾಲಿನ ನಡುವೆ ಕೆಳಗೆ ಕೊಟ್ಟು ಪ್ಲೇಟ್ ಹಿಡಿದು ಯಂತ್ರಕ್ಕಿಡುತ್ತೇನೆ. ಆ ಯಂತ್ರ ಫೋಟೋ ತೆಗೆಯುವುದು ತಳದಿಂದ. ಅದರ ಬೆಳಕಿಗೆ ಅರಿಶಿನವೂ ಹಸಿರಾಗಿ ಹೊಳೆಯುತ್ತದೆ.

ಜಲಜಕ್ಕ ಎದ್ದು ಸ್ಪಿರಿಟ್ ಅದ್ದಿದ ಬಟ್ಟೆ ತಂದು ಪ್ಲೇಟಿನ ತಳ ಒರೆಸಿ ಮತ್ತೆ ಕೊಟ್ಟರು. ಈ ಸಲ ನಾಲ್ಕೂ ನೀಲಿ.

ಇನ್ನು ಮೇಲೆ ತಳ ಒರೆಸಿ ನಾನು ಸುಮ್ಮನಿರಬಹುದಿತ್ತು. ನಾಲ್ಕು ಗಂಟೆಗೇ ಮನೆಗೆ ಹೊರಡುವ ನನ್ನ ಬಗ್ಗೆ ಮಧ್ವೇಶ್ ಅವರಿಗೆ ಮೊದಲೇ ಅಸಮಾಧಾನವಿತ್ತು. ಜಲಜಕ್ಕ ತಮ್ಮ ಜಾಗಕ್ಕೆ ಹೋಗಿ ಮುಂದಿನ ಪ್ಲೇಟ್ ಹಿಡಿದರು. ಮಧ್ಯಾಹ್ನ ಊಟಕ್ಕೆ ಮೊದಲು ನಾನೇ ಹೋಗಿ ಮಧ್ವೇಶ್ ಅವರಿಗೆ ಹೇಳಿದೆ. ಒರೆಸುವ ಮುಂಚಿನದು, ಒರೆಸಿದ ಮೇಲಿನದು, ಎರಡೂ ಚಿತ್ರ ಅಕ್ಕಪಕ್ಕ ಇಟ್ಟೆ. ಇದೇ ಪ್ಲೇಟುಗಳು ಆಮೇಲೆ ಇನ್ನೊಂದು ಯಂತ್ರಕ್ಕೂ ಹೋಗುತ್ತವೆ. ಅದು ಕೋಶಗಳನ್ನು ಗುಳಿಯಿಂದ ಹೀರಿ ಒಂದೊಂದಾಗಿ ಎಣಿಸುತ್ತದೆ. ಅದರ ಲೆಕ್ಕವನ್ನು ತೆಗೆದು ನೋಡಿದರೆ ಆ ಎರಡು ತಿಂಗಳಲ್ಲಿ ಒಂದು ಗುಳಿಯೂ ತಪ್ಪಿರಲಿಲ್ಲ.

"ಇದನ್ನ ಮೊದಲೇ ನೋಡಬೇಕಿತ್ತಲ್ವಾ ನೀವು?" ಎಂದರು ಮಧ್ವೇಶ್.

ಹೌದು ಅಂದೆ. ನನಗೆ ಎಚ್ಚರಿಕೆ ಪತ್ರ ಬಂತು, ಫೈಲಿನಲ್ಲಿದೆ. ಜಲಜಕ್ಕ ಸ್ಟೋರಿಗೆ ಹೋಗಲಿಲ್ಲ. ಅತ್ತೆಗೆ ವಿಷಯ ಹೇಳಿದೆ. ಎಣ್ಣೆಸ್ನಾನದ ವಾರ ಬದಲಾಗಲಿಲ್ಲ, ಅರಿಶಿನ ಉಜ್ಜುವುದು ಮಾತ್ರ ಈಗ ಅವರೇ. ನಾನು ಕೈಗವಸು ಹಾಕಿಕೊಂಡೇ ಟೈಪ್ ಮಾಡುತ್ತೇನೆ. ತಪ್ಪುಗಳು ಬೀಳುತ್ತವೆ, ತಿದ್ದುತ್ತೇನೆ.

ಆ ಎರಡು ಇಡ್ಲಿಯ ವಿಷಯ ಮಾತ್ರ ಆ ದಿನ ಕೇಳಲು ಧೈರ್ಯ ಬರಲಿಲ್ಲ. ಮುಂದಿನ ಮಂಗಳವಾರ ಅವರು ಡಬ್ಬಿ ತರಲಿಲ್ಲ. ಊಟದ ಹೊತ್ತಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತು, ಹರಕೆ ಮುಂದುವರಿಸಿದಿರಾ ಎಂದು ಕೇಳಿದೆ.

"ಮುರಿದ ಮೇಲೆ ಮುಂದುವರಿಸೋದೆಲ್ಲಿ? ಮೊದಲಿಂದ." ಕೈಗವಸು ಹಾಕಿಕೊಳ್ಳುತ್ತ ಎದ್ದರು. "ಇವತ್ತು ಒಂದನೇದು."