ಲೆಕ್ಕಕ್ಕೆ ಸೇರದ ಎ

ಆರ್ಲಿಸ್ ನೈಗಾರ್ಡ್ ನಮ್ಮ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಬಂದಾಗ ಆಕೆಗೆ ಐವತ್ತೆರಡು ವರ್ಷ. ಜೊತೆಗೆ ಓದುವವರಿಗೆಲ್ಲ ಇಪ್ಪತ್ತಮೂರು, ಇಪ್ಪತ್ನಾಲ್ಕು. ನಾನು ಸ್ನಾತಕೋತ್ತರ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಹೆಸರು ಲವಾನ್. ಫಾರಂ ತೆಗೆದುಕೊಳ್ಳುವುದು, ಮುದ್ರೆ ಒತ್ತುವುದು, ಪತ್ರ ಟೈಪು ಮಾಡುವುದು ನನ್ನ ಕೆಲಸ. ಅದು ಬಿಟ್ಟು ಊರ ಉಸಾಬರಿ ನನಗೆ ಬೇಡ ಎಂದು ಹೇಳಿಕೊಂಡೇ ಹತ್ತೊಂಬತ್ತು ವರ್ಷ ಅಲ್ಲಿ ಕೂತಿದ್ದೆ.

ನಮ್ಮದೇ ಮಿನಸೋಟ ರಾಜ್ಯದ ಉತ್ತರ ತುದಿಯ ಒಂದು ಪುಟ್ಟ ಶಾಲೆಯಲ್ಲಿ ಆಕೆ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದರು. ಮಕ್ಕಳು ಕಡಿಮೆಯಾದರು ಎಂದು ಶಾಲೆಯನ್ನು ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸಿದರು. ಅಲ್ಲಿ ಟೀಚರುಗಳು ಬೇಕಾದಷ್ಟಿದ್ದರು. ಆದರೆ ಮಕ್ಕಳ ಕಷ್ಟಸುಖ ಕೇಳುವ ಸಲಹೆಗಾರರ ಹುದ್ದೆಯೊಂದು ಖಾಲಿ ಇತ್ತು. "ಎಂ.ಎ. ಮಾಡಿಕೊಂಡು ಬನ್ನಿ, ಎರಡು ವರ್ಷ ನಿಮಗೋಸ್ಕರ ಇಟ್ಕೊಂಡಿರ್ತೀವಿ" ಅಂದರಂತೆ. ಮದುವೆಯಾಗಿರಲಿಲ್ಲ, ಮನೆಯಲ್ಲಿ ಬೇಡ ಅನ್ನುವವರೂ ಇರಲಿಲ್ಲ. ಎರಡು ಪೆಟ್ಟಿಗೆ ಹಿಡಿದು ಬಂದು, ಯಾರದೋ ಮನೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಹಿಡಿದರು.

ಓದುವವರಿಗೆಂದು ನಮ್ಮ ಮಹಡಿಯಲ್ಲೊಂದು ವಿಶ್ರಾಂತಿ ಕೋಣೆ ಇತ್ತು. ಯಾವ ಪ್ರೊಫೆಸರು ಕೈ ಬಿಗಿ, ಯಾರದು ಧಾರಾಳ, ಯಾವ ನಿಯಮಕ್ಕೆ ಯಾವ ಸಂದಿಯಲ್ಲಿ ದಾರಿ ಎಂಬುದೆಲ್ಲ ಅಲ್ಲಿ ಕಾಫಿ ಕುಡಿಯುತ್ತಲೇ ಗೊತ್ತಾಗಿಬಿಡುತ್ತಿತ್ತು. ಆರ್ಲಿಸ್ ಲೋಟ ಹಿಡಿದು ಬಾಗಿಲವರೆಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಖಾಲಿ ಕುರ್ಚಿಗಳ ಮೇಲೆಲ್ಲ ಹುಡುಗರ ಕೋಟುಗಳು ಬಿದ್ದಿರುತ್ತಿದ್ದವು. "ಸ್ವಲ್ಪ ಕೋಟು ತೆಗೀತೀರಾ" ಎಂದು ಕೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಒಂದು ನಿಮಿಷ ನಿಂತು, ನೋಟಿಸ್ ಬೋರ್ಡು ಓದಲು ಬಂದವರ ಹಾಗೆ ಮಾಡಿ, ಹಿಂತಿರುಗಿ ಬಂದು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಕೌಂಟರಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಎದ್ದು ಹೋಗಿ ಮಾತಾಡಿಸಿದೆನೇ? ಇಲ್ಲ.

ನನ್ನ ಕೌಂಟರಿಗೆ ಮಾತ್ರ ಪ್ರತಿ ಮಂಗಳವಾರ ಬರುತ್ತಿದ್ದರು. ಗ್ರಂಥಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಹಬ್ಬದ ರಜೆ ಯಾವತ್ತಿಂದ, ಇಂಥವು. ಎಲ್ಲವೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದವೇ.

"ನಿಮಗೆ ತೊಂದ್ರೆ ಕೊಟ್ಟೆ."

"ಅಯ್ಯೋ, ಅದಕ್ಕೇ ತಾನೇ ನಾನಿಲ್ಲಿ ಕೂತಿರೋದು."

"ಚಳಿ ಜಾಸ್ತಿ ಆಯ್ತು ಅಲ್ವಾ?"

"ಇನ್ನೂ ಜಾಸ್ತಿ ಆಗತ್ತೆ ಬಿಡಿ."

ಅಷ್ಟೇ ನಮ್ಮ ಮಾತು. ಆ ವಾರ ಆಕೆ ಆಡಿದ ಮಾತೂ ಬಹುಶಃ ಅಷ್ಟೇ ಇರಬೇಕು.

ನಮ್ಮಲ್ಲಿ ಸ್ನಾತಕೋತ್ತರದವರ ಸರಾಸರಿ ನಾಲ್ಕಕ್ಕೆ ಮೂರರ ಕೆಳಗೆ ಇಳಿಯಬಾರದು. ಬಿ ಬಂದರೆ ಮೂರು, ಎ ಬಂದರೆ ನಾಲ್ಕು, ಸಿ ಬಂದರೆ ಎರಡು. ಇಳಿದರೆ ಎಚ್ಚರಿಕೆಯ ಪತ್ರ ಬರುತ್ತದೆ. ಮುಂದಿನ ಅರ್ಧ ವರ್ಷದಲ್ಲಿ ಮೇಲೆ ಬರದಿದ್ದರೆ ಗಂಟುಮೂಟೆ ಕಟ್ಟಬೇಕು. ಆರ್ಲಿಸ್‌ಗೆ ಮೊದಲ ಅರ್ಧದಲ್ಲಿ ಎರಡು ಬಿ, ಸಂಖ್ಯಾಶಾಸ್ತ್ರದಲ್ಲಿ ಒಂದು ಸಿ. ಜನವರಿಯಲ್ಲಿ ಎಚ್ಚರಿಕೆಯ ಪತ್ರ ಟೈಪು ಮಾಡಿದವಳು ನಾನೇ.

ಅದಾದ ವಾರಕ್ಕೇ ಆಕೆ ಹೊಸ ಫಾರಂ ತಂದರು. ಎರಡು ವಿಷಯ. ಒಂದು ಸಂಖ್ಯಾಶಾಸ್ತ್ರದ ಮುಂದಿನ ಭಾಗ. ಇನ್ನೊಂದು ಹುಲ್ಲುಗಾವಲಿನ ಗಿಡಗಳು, ಪಾಠ ಸಂಖ್ಯೆ ಇನ್ನೂರ ಮೂವತ್ತೈದು.

"ಸಂಖ್ಯಾಶಾಸ್ತ್ರದಲ್ಲಿ ಹೇಗಾದ್ರೂ ಬಿ ತಗೋತೀನಿ. ಗಿಡದ್ದು ಬಿಡಿ, ಇಪ್ಪತ್ತೆಂಟು ವರ್ಷ ಮಕ್ಕಳನ್ನ ಕಟ್ಕೊಂಡು ಹುಲ್ಲಲ್ಲೇ ಅಲೆದಿದೀನಿ. ಎ ಖಾತ್ರಿ. ಕೂಡಿಸಿ ನೋಡ್ದೆ, ಸರಿಯಾಗಿ ಮೂರು ಬರತ್ತೆ" ಎಂದು ಆಕೆ ಮೊದಲ ಸಲ ನನ್ನೆದುರು ನಕ್ಕರು.

ನನ್ನ ಕೈ ಮುದ್ರೆಯ ಮೇಲೆ ನಿಂತಿತು. ಐನೂರಕ್ಕಿಂತ ಕೆಳಗಿನ ಸಂಖ್ಯೆಯ ಪಾಠ ಪದವಿ ಹುಡುಗರದ್ದು. ಸ್ನಾತಕೋತ್ತರದವರೂ ಕೂತು ಓದಬಹುದು, ಅಂಕವೂ ಸಿಗುತ್ತದೆ, ಆದರೆ ಸರಾಸರಿಗೆ ಸೇರುವುದಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ. ನಿಯಮದ ಪುಸ್ತಕದಲ್ಲಿ ಇದು ಇರುವೆಯಂಥ ಅಕ್ಷರದಲ್ಲಿದೆ, ವಿಶ್ರಾಂತಿ ಕೋಣೆಯಲ್ಲಿ ಕೂತವರಿಗೆಲ್ಲ ಬಾಯಿಪಾಠ. ಆದರೆ ಫಾರಂ ಮೇಲೆ ಮಾರ್ಗದರ್ಶಕ ಪ್ರೊಫೆಸರರ ಸಹಿ ಇತ್ತು. ಆ ಮಹಾಶಯ ಓದದೆಯೇ ಸಹಿ ಹಾಕುತ್ತಾನೆಂದು ನನಗೆ ಗೊತ್ತಿದ್ದರೂ, ದೊಡ್ಡವರು ಒಪ್ಪಿದ್ದಾರೆ, ಇನ್ನೊಬ್ಬರ ಓದಿನಲ್ಲಿ ಮೂಗು ತೂರಿಸಲು ನಾನ್ಯಾರು ಅಂದುಕೊಂಡೆ. ಹೇಳಿದರೆ ಪಾಪ ಮುಖ ಬಾಡುತ್ತದೆ ಅಂತಲೂ ಅನ್ನಿಸಿತು. ಮುದ್ರೆ ಒತ್ತಿದೆ.

ಅಂದುಕೊಂಡ ಹಾಗೇ ಮಾಡಿದರು ಆರ್ಲಿಸ್. ಸಂಖ್ಯಾಶಾಸ್ತ್ರದಲ್ಲಿ ಬಿ, ಗಿಡಗಳಲ್ಲಿ ಎ. ಜೂನ್ ಮೊದಲ ವಾರ ಫಲಿತಾಂಶದ ಚೀಟಿ ಹಿಡಿದು ಓಡುನಡಿಗೆಯಲ್ಲಿ ಬಂದರು.

"ಮೂರು ಬಂತು ಲವಾನ್!"

ನನ್ನ ಹೆಸರು ಆಕೆಗೆ ಗೊತ್ತಿದೆ ಎಂದು ನನಗೆ ಅವತ್ತೇ ತಿಳಿದದ್ದು. ನನ್ನ ಟೈಪ್‌ರೈಟರಿನಲ್ಲಿ ಆಕೆಯ ಹೆಸರಿನದೇ ಪತ್ರ ಅರ್ಧಕ್ಕೆ ನಿಂತಿತ್ತು. ಸರಾಸರಿ ಎರಡು ಮುಕ್ಕಾಲು, ಆದ್ದರಿಂದ ತಮ್ಮನ್ನು ಕೈಬಿಡಲಾಗಿದೆ.

ಹೇಳಿದೆ. ಆಕೆ ಚೀಟಿಯನ್ನು ಎರಡು ಸಲ ಓದಿಕೊಂಡರು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು!

"ಛೆ, ನಿಮಗೆಷ್ಟು ಸಂಕಟ ಆಗಿರ್ಬೇಕು ಇಷ್ಟು ದಿನ" ಅಂದರು ಆಕೆ. "ತಪ್ಪು ನಂದೇ ಬಿಡಿ. ಫಾರಂ ಕೊಟ್ಟ ಮೇಲೆ ಪ್ರತಿ ಮಂಗಳವಾರ, ಗಿಡದ ಪಾಠ ಲೆಕ್ಕಕ್ಕೆ ಬರತ್ತೋ ಇಲ್ವೋ ಕೇಳಿಬಿಡೋಣ ಅಂತಲೇ ಬರ್ತಿದ್ದೆ. ನೀವು ತುಂಬಾ ಕೆಲಸದಲ್ಲಿ ಇರೋ ಹಾಗೆ ಕಾಣ್ತಿದ್ರಿ."

ನಾನು ಕೆಲಸದಲ್ಲಿ ಇರುತ್ತಿರಲಿಲ್ಲ. ಫೈಲಿನ ಮರೆಯಲ್ಲಿ ಪದಬಂಧ ತುಂಬುತ್ತಿದ್ದೆ. ನನಗೂ ಮನೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಮೇಲ್ಮನವಿಗೆ ಅವಕಾಶವಿತ್ತು. ಕಚೇರಿಯ ತಪ್ಪಿನಿಂದ ಹೀಗಾಯಿತು ಎಂದು ಬರೆದರೆ ಸಮಿತಿ ಇನ್ನೊಂದು ಅರ್ಧ ವರ್ಷ ಕೊಡುವುದುಂಟು. ಪತ್ರವನ್ನು ನಾನೇ ಬರೆದೆ. ಬೇಕಾಗಿದ್ದದ್ದು ಆಕೆಯ ಸಹಿ ಮಾತ್ರ, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ. ಬುಧವಾರ ಫೋನ್ ಮಾಡಿದೆ. ಆಕೆ ಪೆಟ್ಟಿಗೆ ತುಂಬುತ್ತಿದ್ದರು.

"ಬೇಡ ಲವಾನ್. ಮುದ್ರೆ ಹಾಕಿದ್ದು ಯಾರು ಅಂತ ಕೇಳ್ತಾರೆ. ನಿಮ್ಮ ಕೆಲಸಕ್ಕೆ ಕುತ್ತು ಬರತ್ತೆ."

ಗುರುವಾರ ಮತ್ತೆ ಮಾಡಿದೆ.

"ಪತ್ರ ರೆಡಿ ಇದೆ ಆರ್ಲಿಸ್. ನಾನೇ ಕಾರಲ್ಲಿ ತರ್ತೀನಿ, ಒಂದು ಸಹಿ ಹಾಕಿ ಸಾಕು."

"ಬೇಡ, ಬೇಡ. ನಿಮಗ್ಯಾಕೆ ತೊಂದ್ರೆ."

ನಿಜ ಹೇಳಬೇಕೆಂದರೆ, ಫೋನ್ ಇಟ್ಟಾಗ ನನಗೆ ಒಂದು ಕ್ಷಣ ಹಗುರಾಯಿತು. ನಾನು ಮಾಡುವುದು ಮಾಡಿದೆ, ಬೇಡ ಅಂದವರು ಅವರೇ. ಶುಕ್ರವಾರ ಗಡಿಯಾರ ನೋಡುತ್ತಾ ಕೂತೆ. ಹನ್ನೆರಡಾಯಿತು. ಪತ್ರ ನನ್ನ ಮೇಜಿನ ಮೇಲೇ ಇತ್ತು.

ನಮ್ಮ ಮಿನಸೋಟದ ಕಡೆಯವರು ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಮನೆಗೆ ಬಂದವರಿಗೆ ಕಾಫಿ ಬೇಕೇ ಎಂದರೆ ಬೇಡ ಅನ್ನುತ್ತಾರೆ. ಇನ್ನೊಮ್ಮೆ ಕೇಳಿದರೂ ಬೇಡ, ನಿಮಗ್ಯಾಕೆ ತೊಂದರೆ ಅನ್ನುತ್ತಾರೆ. ಮೂರನೆಯ ಸಲಕ್ಕೆ, ಸರಿ, ಅರ್ಧ ಲೋಟ ಕೊಡಿ ಅನ್ನುತ್ತಾರೆ. ಕೇಳುವವರಿಗೂ ಗೊತ್ತು, ಬೇಡ ಅನ್ನುವವರಿಗೂ ಗೊತ್ತು. ಇಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತು.

ನಾನು ಆರ್ಲಿಸ್‌ರನ್ನು ಎರಡೇ ಸಲ ಕೇಳಿದೆ.